ಜೋಡಿ ತರಂಗಗಳನ್ನು ಕಾಣುವ ಬಗೆ

1000 ಓಮ್ ರೋಧಕವೊಂದನ್ನೂ 0.1 ಮೈಕ್ರೊಫ್ಯಾರಡ್ ಧಾರಕವೊಂದನ್ನೂ ಸರಣಿಯಲ್ಲಿ ಜೋಡಿಸಿ, ಸೆಕೆಂಡಿಗೆ 1000 ಆವರ್ತನಗಳ ಪರ್ಯಾಯ ವಿದ್ಯುತ್ತನ್ನು ಹಾಯಿಸಿದೆವೆನ್ನೋಣ. ಸೂಕ್ತವಾದ ಮೀಟರಿನಿಂದ ಅಳೆದಾಗ ಮೂಲದ ವಿಭವ 4 ವೋಲ್ಟು, ರೋಧಕದ ಮೇಲಿನದು 2.1 ವೋಲ್ಟು, ಧಾರಕದ ಮೇಲಿನದು 3.4 ವೋಲ್ಟು ಎಂದು ಕಾಣುತ್ತದೆ. 2.1ಕ್ಕೆ 3.4ನ್ನು ಕೂಡಿಸಿದರೆ 5.5 ಆಗಬೇಕು. ಕೊಟ್ಟದ್ದು ನಾಲ್ಕು, ಲೆಕ್ಕಕ್ಕೆ ಸಿಕ್ಕಿದ್ದು ಐದೂವರೆ! ಈ ಹೆಚ್ಚಿನ ಒಂದೂವರೆ ವೋಲ್ಟು ಎಲ್ಲಿಂದ ಬಂದಿತು? ಮೀಟರಿನ ಮುಳ್ಳು ಇದಕ್ಕೆ ಉತ್ತರ ಹೇಳಲಾರದು. ಸೆಕೆಂಡಿಗೆ ಸಾವಿರ ಸಲ ಏರಿಳಿಯುವ ವಿಭವದ ಬೆನ್ನಟ್ಟಲು ಅದಕ್ಕೆ ಸಾಧ್ಯವಿಲ್ಲ. ಉತ್ತರ ಬೇಕಾದರೆ ಎರಡು ವಿಭವಗಳನ್ನು ಒಂದೇ ಕಾಲದಲ್ಲಿ, ಒಂದೇ ತೆರೆಯ ಮೇಲೆ ನೋಡಬೇಕು. ಅದನ್ನು ಸಾಧಿಸುವ ಉಪಕರಣವೇ ಎರಡು ಚಾನೆಲಿನ ಆಸಿಲೋಸ್ಕೋಪು.

ಮುಳ್ಳಿನ ಬದಲು ಎಲೆಕ್ಟ್ರಾನುಗಳ ಕಿರಣವನ್ನೇ ಬಳಸಬಹುದೆಂದು ಜರ್ಮನ್ ವಿಜ್ಞಾನಿ ಫರ್ಡಿನಾಂಡ್ ಬ್ರೌನ್ 1897ರಲ್ಲಿ ತೋರಿಸಿಕೊಟ್ಟನು. ಎಲೆಕ್ಟ್ರಾನು ಅತ್ಯಂತ ಹಗುರವಾದುದರಿಂದ ಎಷ್ಟು ತ್ವರಿತವಾದ ಬದಲಾವಣೆಗೂ ಕಿರಣ ಸುಲಭವಾಗಿ ಬಾಗುತ್ತದೆ. ನಾವು ಪರೀಕ್ಷಿಸುವ ವಿಭವ ಕಿರಣವನ್ನು ಮೇಲಕ್ಕೂ ಕೆಳಕ್ಕೂ ಎಳೆಯುತ್ತದೆ. ಉಪಕರಣದೊಳಗಿನ ಮತ್ತೊಂದು ವಿಭವ ಅದನ್ನು ಎಡದಿಂದ ಬಲಕ್ಕೆ ಸಮವೇಗದಲ್ಲಿ ಒಯ್ದು, ಮರಳಿ ಎಡಕ್ಕೆ ತರುತ್ತದೆ. ಹೀಗೆ ತೆರೆಯ ಮೇಲೆ ಕಾಲಕ್ಕೆ ಎದುರಾಗಿ ವಿಭವದ ನಕ್ಷೆ ತಾನಾಗಿಯೇ ಮೂಡುತ್ತದೆ. ಈಗಿನ ಬಹುತೇಕ ಆಸಿಲೋಸ್ಕೋಪುಗಳಲ್ಲಿ ಎಲೆಕ್ಟ್ರಾನು ನಳಿಕೆಯಿಲ್ಲ. ಅವು ವಿಭವವನ್ನು ಅಂಕೆಗಳಾಗಿ ಮಾರ್ಪಡಿಸಿ ಚಪ್ಪಟೆ ತೆರೆಯ ಮೇಲೆ ಚಿತ್ರಿಸುತ್ತವೆ. ಆದರೆ ಮುಖ್ಯ ಗುಂಡಿಗಳ ಕೆಲಸ ಬಹುಮಟ್ಟಿಗೆ ಹಿಂದಿನದೇ ಆಗಿದೆ.

ನಕ್ಷೆ ಕದಲದೆ ನಿಲ್ಲಬೇಕಾದರೆ ಕಿರಣದ ಪ್ರತಿಯೊಂದು ಪಯಣವೂ ತರಂಗದ ಒಂದೇ ಬಿಂದುವಿನಿಂದ ಹೊರಡಬೇಕು. ಹೊರಡುವ ಆ ಸಂಜ್ಞೆಗೆ ಟ್ರಿಗರ್ ಎಂದು ಹೆಸರು. ವಿಭವ ಇಂತಿಷ್ಟು ಮಟ್ಟವನ್ನು ಏರುತ್ತ ದಾಟಿದೊಡನೆ ಹೊರಡು ಎಂದು ನಾವು ಗೊತ್ತುಮಾಡುತ್ತೇವೆ. ಈ ಮಟ್ಟ ತರಂಗದ ಎತ್ತರದೊಳಗೆ ಇರದಿದ್ದರೆ ಚಿತ್ರ ಜಾರುತ್ತ ಹೋಗುತ್ತದೆ.

ಒಂದೇ ಕಿರಣ ಎರಡು ಚಿತ್ರಗಳನ್ನು ಬರೆಯುವುದು ಹೇಗೆ? ಇದಕ್ಕೆ ಎರಡು ಉಪಾಯಗಳುಂಟು. ಒಂದು ಪಯಣದಲ್ಲಿ ಮೊದಲ ಚಾನೆಲನ್ನೂ ಮುಂದಿನ ಪಯಣದಲ್ಲಿ ಎರಡನೆಯದನ್ನೂ ಬರೆಯುವುದು ಮೊದಲನೆಯ ಉಪಾಯ. ವೇಗದ ತರಂಗಗಳಿಗೆ ಇದು ಒಪ್ಪುತ್ತದೆ. ಒಂದೇ ಪಯಣದಲ್ಲಿ ಅತಿ ಶೀಘ್ರವಾಗಿ ಅದರಿಂದಿದಕ್ಕೆ ಇದರಿಂದದಕ್ಕೆ ನೆಗೆಯುತ್ತ ಚೂರುಚೂರಾಗಿ ಬರೆಯುವುದು ಎರಡನೆಯದು. ಇದು ನಿಧಾನದ ತರಂಗಗಳಿಗೆ ತಕ್ಕುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೊದಲನೆಯ ಉಪಾಯದಲ್ಲಿ ಪ್ರತಿ ಚಾನೆಲಿಗೂ ಅದರದೇ ತರಂಗದಿಂದ ಟ್ರಿಗರ್ ದೊರೆಯುವಂತೆ ಇಟ್ಟರೆ ಎರಡು ಚಿತ್ರಗಳೂ ಸ್ಥಿರವಾಗಿ ನಿಲ್ಲುತ್ತವೆ, ನೋಡಲು ಅಂದವಾಗಿಯೂ ಇರುತ್ತವೆ. ಆದರೆ ಅವುಗಳ ಪರಸ್ಪರ ಸ್ಥಾನ ಸುಳ್ಳು! ಇಬ್ಬರು ಓಟಗಾರರ ಗಡಿಯಾರಗಳನ್ನು ಅವರವರು ಗೆರೆ ದಾಟಿದಾಗ ಬೇರೆಬೇರೆಯಾಗಿ ಚಾಲನೆ ಮಾಡಿದರೆ, ಯಾರು ಮೊದಲು ದಾಟಿದರೆಂಬುದನ್ನು ತಿಳಿಯುವುದೆಂತು? ಆದುದರಿಂದ ಎರಡು ತರಂಗಗಳನ್ನು ಹೋಲಿಸುವಾಗ ಟ್ರಿಗರ್ ಒಂದೇ ಚಾನೆಲಿನಿಂದ ಬರಬೇಕು.

ಈಗ ನಮ್ಮ ಪ್ರಯೋಗಕ್ಕೆ ಬರೋಣ. ಮೂಲದ ಬಿಸಿ ತುದಿಗೆ ಧಾರಕವನ್ನೂ, ಅದರ ಮುಂದೆ ರೋಧಕವನ್ನೂ ಜೋಡಿಸಿ, ರೋಧಕದ ಮತ್ತೊಂದು ತುದಿಯನ್ನು ಮೂಲದ ಭೂತುದಿಗೆ ಸೇರಿಸಬೇಕು. ಮೊದಲು ಎರಡು ಚಾನೆಲುಗಳನ್ನೂ ಭೂಸ್ಥಿತಿಯಲ್ಲಿಟ್ಟು, ಎರಡೂ ಗೆರೆಗಳನ್ನು ತೆರೆಯ ನಡುವಿಗೆ ತರಬೇಕು. ಬಳಿಕ ಮೊದಲ ಪ್ರೋಬಿನ ಮೊನೆಯನ್ನು ಬಿಸಿ ತುದಿಗೂ, ಎರಡನೆಯದರ ಮೊನೆಯನ್ನು ಧಾರಕ ರೋಧಕಗಳ ಸಂಧಿಗೂ, ಎರಡರ ಭೂಕ್ಲಿಪ್ಪುಗಳನ್ನು ಭೂತುದಿಗೂ ತಗುಲಿಸಬೇಕು. ಎರಡು ಚಾನೆಲುಗಳಲ್ಲೂ ಚೌಕವೊಂದಕ್ಕೆ 1 ವೋಲ್ಟು, ಅಡ್ಡಲಾಗಿ ಚೌಕವೊಂದಕ್ಕೆ 0.1 ಮಿಲಿಸೆಕೆಂಡು, ಟ್ರಿಗರ್ ಮೊದಲ ಚಾನೆಲಿನಿಂದ. ಅಳತೆಯನ್ನು ನಡುನಡುವೆ ಬದಲಿಸುವ ಸಣ್ಣ ಗುಂಡಿಗಳಿದ್ದರೆ ಅವು ತಮ್ಮ ನಿಗದಿತ ಸ್ಥಾನದಲ್ಲೇ ಇರಬೇಕು. ಇಲ್ಲವಾದರೆ ಚೌಕಗಳ ಎಣಿಕೆಗೆ ಅರ್ಥವಿರದು. ಮೂಲದ ವಿಭವವನ್ನು ತಗ್ಗಿಸಿ, ಕೆಳತುದಿಯಿಂದ ಮೇಲ್ತುದಿಗೆ 4 ವೋಲ್ಟು ಇರುವಂತೆ ಮಾಡೋಣ. ಭಾಗಗಳ ಪ್ರಮಾಣ ಇದರಿಂದ ಬದಲಾಗದು.

ಮೂಲದ ತರಂಗ 4 ಚೌಕ ಎತ್ತರವಾಗಿ, ಒಂದು ಆವರ್ತನ ತೆರೆಯ ಹತ್ತು ಚೌಕಗಳನ್ನೂ ತುಂಬುತ್ತದೆ. ರೋಧಕದ ತರಂಗ ಸುಮಾರು 2.1 ಚೌಕ ಎತ್ತರ. ಆದರೆ ಅದರ ಶಿಖರ ಮೂಲದ ಶಿಖರಕ್ಕಿಂತ ಸುಮಾರು 1.6 ಚೌಕ ಎಡಕ್ಕಿದೆ! ಎಡವೆಂದರೆ ಮುಂಚಿನ ಕಾಲ. ಹತ್ತು ಚೌಕಗಳಿಗೆ 360 ಡಿಗ್ರಿಯಾದರೆ 1.6 ಚೌಕಕ್ಕೆ ಸುಮಾರು 58 ಡಿಗ್ರಿ. ಧಾರಕದ ಪ್ರತಿರೋಧ ಈ ಆವೃತ್ತಿಯಲ್ಲಿ ಸುಮಾರು 1590 ಓಮ್. ಅದನ್ನು 1000ದಿಂದ ಭಾಗಿಸಿ, ಅಷ್ಟು ಟ್ಯಾಂಜೆಂಟ್ ಉಳ್ಳ ಕೋನವನ್ನು ಹುಡುಕಿದರೆ ದೊರೆಯುವುದೂ 58 ಡಿಗ್ರಿಯೇ.

ಧಾರಕದ ವಿಭವವನ್ನು ನೋಡುವುದು ಹೇಗೆ? ಎರಡನೆಯ ಮೊನೆಯನ್ನು ಬಿಸಿ ತುದಿಗೂ, ಅದರ ಕ್ಲಿಪ್ಪನ್ನು ಸಂಧಿಗೂ ಹಾಕಿದರಾಯಿತೆಂದು ವಿದ್ಯಾರ್ಥಿಗಳು ಬಗೆಯುವುದುಂಟು. ಹಾಗೆ ಮಾಡಿದೊಡನೆ ಎರಡು ತರಂಗಗಳೂ ಒಂದರ ಮೇಲೊಂದು ಕೂರುತ್ತವೆ. ಧಾರಕದ ವಿಭವವೂ ಮೂಲದ ವಿಭವವೂ ಒಂದೇ ಎಂದು ಪುಸ್ತಕದಲ್ಲಿ ಬರೆದುಕೊಂಡರೆ ಪ್ರಯೋಗವೇ ಕೆಟ್ಟಂತೆ. ಸಾಮಾನ್ಯ ಆಸಿಲೋಸ್ಕೋಪಿನಲ್ಲಿ ಎರಡು ಕ್ಲಿಪ್ಪುಗಳೂ ಒಳಗೇ ಕೂಡಿಕೊಂಡಿರುತ್ತವೆ; ಸಂಧಿಯನ್ನು ಭೂಮಿಗೆ ಸೇರಿಸಿ ನಾವು ರೋಧಕವನ್ನೇ ಹ್ರಸ್ವಗೊಳಿಸಿಬಿಟ್ಟೆವು. ಉಪಕರಣ ಸುಳ್ಳು ಹೇಳಲಿಲ್ಲ; ಮಂಡಲವನ್ನು ಬದಲಿಸಿದವರು ನಾವು. ಕ್ಲಿಪ್ಪುಗಳನ್ನು ಮುಟ್ಟದೆ, ಎರಡನೆಯ ಚಾನೆಲನ್ನು ತಲೆಕೆಳಗು ಮಾಡಿ ಮೊದಲಿನದಕ್ಕೆ ಕೂಡಿಸುವುದೇ ಸರಿಯಾದ ದಾರಿ. ಆಗ ವ್ಯತ್ಯಾಸ, ಎಂದರೆ ಧಾರಕದ ವಿಭವ, ಸುಮಾರು 3.4 ಚೌಕ ಎತ್ತರವಾಗಿ, ಮೂಲಕ್ಕಿಂತ 32 ಡಿಗ್ರಿ ಹಿಂದೆ ಬಿದ್ದು ಕಾಣುತ್ತದೆ.

ಪ್ರಯೋಗಶಾಲೆಯ ಚಿಕ್ಕ ವಿಭವದಲ್ಲಿ ಈ ತಪ್ಪಿನಿಂದ ಹಾಳಾಗುವುದು ಒಂದು ಲೆಕ್ಕ ಮಾತ್ರ. ಮನೆಯ 230 ವೋಲ್ಟಿನ ತಂತಿಯಲ್ಲಿ ಅದೇ ತಪ್ಪು ಪ್ರಾಣಾಪಾಯ ತರಬಹುದು. ಕ್ಲಿಪ್ಪು ಮೂರು ಮೊಳೆಯ ಪ್ಲಗ್ಗಿನ ಮೂಲಕ ಭೂಮಿಗೆ ಸೇರಿರುತ್ತದೆ. ಅದನ್ನು ಬಿಸಿ ತಂತಿಗೆ ತಾಗಿಸಿದರೆ ಕಿಡಿ ಹಾರೀತು. ಇದನ್ನು ತಪ್ಪಿಸಲೆಂದು ಭೂಮೊಳೆಯನ್ನು ಕಿತ್ತುಹಾಕುವುದು ಇನ್ನೂ ಕೇಡು. ಆಗ ಉಪಕರಣದ ಲೋಹದ ಹೊದಿಕೆಗೇ ವಿದ್ಯುತ್ತು ಏರಬಹುದು. ಮನೆಯ ವಿದ್ಯುತ್ತನ್ನು ವಿದ್ಯಾರ್ಥಿಗಳು ಆಸಿಲೋಸ್ಕೋಪಿಗೆ ನೇರವಾಗಿ ಜೋಡಿಸಲೇಬಾರದು.

ನಾವು ಮೊದಲು ಕೇಳಿದ ಪ್ರಶ್ನೆಗೆ ಈಗ ಉತ್ತರ ತೆರೆಯ ಮೇಲೆಯೇ ಇದೆ. ರೋಧಕದ ಶಿಖರ ಬಂದಾಗ ಧಾರಕದ ವಿಭವ ಸೊನ್ನೆ. ಧಾರಕದ ಶಿಖರ ಬಂದಾಗ ರೋಧಕದ್ದು ಸೊನ್ನೆ. ಯಾವ ಕ್ಷಣವನ್ನು ಆರಿಸಿದರೂ ಆ ಕ್ಷಣದ ಎರಡು ವಿಭವಗಳ ಮೊತ್ತ ಮೂಲದ ವಿಭವಕ್ಕೆ ಸಮವೇ. ಶಿಖರಗಳು ಒಟ್ಟಿಗೆ ಬರುವುದಿಲ್ಲವಾದುದರಿಂದ ಅವನ್ನು ನೇರವಾಗಿ ಕೂಡಿಸಲಾಗದು, 2.1ರ ವರ್ಗವನ್ನೂ 3.4ರ ವರ್ಗವನ್ನೂ ಕೂಡಿಸಬೇಕು. ಬರುವ ಮೊತ್ತ ಸುಮಾರು 16, ಎಂದರೆ ನಾಲ್ಕರ ವರ್ಗ. ಹೆಚ್ಚಿನ ಒಂದೂವರೆ ವೋಲ್ಟು ಎಂದೂ ಇರಲೇ ಇಲ್ಲ. ಬೇರೆಬೇರೆ ಕ್ಷಣಗಳ ಬೆಲೆಗಳನ್ನು ಒಂದೇ ಕ್ಷಣದವೆಂದು ನಾವು ಕೂಡಿಸಿದ್ದೆವು, ಅಷ್ಟೆ.