ಮೈಕ್ರೋಗ್ಲಿಯಾ

ಮೈಕ್ರೋಗ್ಲಿಯಾ ಎಂಬುವು ಮಿದುಳು ಮತ್ತು ಬೆನ್ನುಹುರಿಯಲ್ಲಿ ಶಾಶ್ವತವಾಗಿ ನೆಲೆಸಿರುವ ರೋಗನಿರೋಧಕ ಕೋಶಗಳು. ನರಕೋಶಗಳಿಗೆ ಆಸರೆಯಾಗಿರುವ ಗ್ಲಿಯಾ ಕೋಶಗಳ ಗುಂಪಿನಲ್ಲಿ ಇವನ್ನು ಎಣಿಸುವುದು ವಾಡಿಕೆ. ಆದರೆ ಹುಟ್ಟಿನಿಂದ ಇವು ಬೇರೆಯೇ ಕುಲಕ್ಕೆ ಸೇರಿದವು. ದೇಹದ ಇತರ ಭಾಗಗಳಲ್ಲಿ ಸೂಕ್ಷ್ಮಾಣುಗಳನ್ನೂ ಸತ್ತ ಕೋಶಗಳನ್ನೂ ನುಂಗುವ ಭಕ್ಷಕಕೋಶಗಳ ಬಳಗದವು. ಮಿದುಳಿನ ಕೋಶಗಳಲ್ಲಿ ಇವುಗಳ ಪಾಲು ಸುಮಾರು ಶೇಕಡಾ 5ರಿಂದ 10 ಎಂದು ಅಂದಾಜಿಸಲಾಗಿದ್ದು, ಈ ಪ್ರಮಾಣ ಮಿದುಳಿನ ಭಾಗದಿಂದ ಭಾಗಕ್ಕೆ ಬದಲಾಗುತ್ತದೆ. ರಕ್ತದಲ್ಲಿ ಸಂಚರಿಸುವ ಬಿಳಿ ಕಣಗಳಿಗೆ ರಕ್ತ-ಮಿದುಳು ತಡೆಗೋಡೆಯು ಸುಲಭವಾಗಿ ದಾರಿ ಬಿಡುವುದಿಲ್ಲ. ಆದ್ದರಿಂದ ಒಳಗಿನ ಕಾವಲು ಮತ್ತು ಶುಚಿ ಎರಡೂ ಬಹುಮಟ್ಟಿಗೆ ಮೈಕ್ರೋಗ್ಲಿಯಾಗಳ ಹೊಣೆಯಾಗಿವೆ. ನುಂಗುವ ಈ ಸಾಮರ್ಥ್ಯವೇ ಮಿದುಳಿನ ಬೆಳವಣಿಗೆಗೆ ನೆರವಾಗುತ್ತದೆ, ಹಲವು ಕಾಯಿಲೆಗಳಲ್ಲಿ ಅದರ ಹಾನಿಗೂ ಕಾರಣವಾಗುತ್ತದೆ.

ಸಂಶೋಧನೆಯ ಇತಿಹಾಸ

ಸ್ಪೇನ್ ದೇಶದ ವಿಜ್ಞಾನಿ ಪಿಯೊ ದೆಲ್ ರಿಯೊ-ಓರ್ತೆಗಾ 1919ರಲ್ಲಿ ಈ ಕೋಶಗಳನ್ನು ಪ್ರತ್ಯೇಕವಾಗಿ ಗುರುತಿಸಿ ಹೆಸರಿಟ್ಟನು. ಅವನ ಗುರುಸಮಾನನಾದ ಸಾಂಟಿಯಾಗೊ ರಾಮೋನ್ ಇ ಕಹಾಲ್, ನರಕೋಶವೂ ಅಲ್ಲದ, ಆಸ್ಟ್ರೋಸೈಟ್ ಕೋಶವೂ ಅಲ್ಲದ ಕೋಶಗಳನ್ನು 'ಮೂರನೆಯ ಅಂಶ' ಎಂದು ಒಟ್ಟಾಗಿ ಕರೆದಿದ್ದನು. ಬೆಳ್ಳಿಯ ಕಾರ್ಬೊನೇಟ್ ಬಳಸುವ ಹೊಸ ಬಣ್ಣಗಾರಿಕೆಯ ವಿಧಾನದಿಂದ ಓರ್ತೆಗಾ ಆ ಗುಂಪಿನಲ್ಲಿ ಎರಡು ಬಗೆಯ ಕೋಶಗಳಿರುವುದನ್ನು ತೋರಿಸಿದನು; ಅವುಗಳಲ್ಲಿ ಒಂದು ಮೈಕ್ರೋಗ್ಲಿಯಾ. ಇವು ಮಿದುಳಿಗೆ ಹೊರಗಿನಿಂದ ವಲಸೆ ಬರುತ್ತವೆ, ಗಾಯವಾದಾಗ ಆಕಾರ ಬದಲಿಸುತ್ತವೆ, ಅವಶೇಷಗಳನ್ನು ನುಂಗುತ್ತವೆ ಎಂದು ಅವನು ಆಗಲೇ ಹೇಳಿದ್ದನು. ಈ ಮಾತುಗಳಲ್ಲಿ ಹೆಚ್ಚಿನವು ಇಂದಿಗೂ ನಿಂತಿವೆ. ಸ್ಪೇನಿನ ಅಂತರ್ಯುದ್ಧದ ಕಾರಣ ದೇಶ ಬಿಟ್ಟ ಓರ್ತೆಗಾ 1945ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ತೀರಿಕೊಂಡನು.

ಮೈಕ್ರೋಗ್ಲಿಯಾಗಳು ಎಲ್ಲಿಂದ ಬರುತ್ತವೆ ಎಂಬ ಪ್ರಶ್ನೆ ಇತ್ಯರ್ಥವಾಗಲು ಮತ್ತೆ ಹಲವು ದಶಕಗಳು ಹಿಡಿದವು. ಭ್ರೂಣಕ್ಕೆ ಹೊಂದಿಕೊಂಡಿರುವ ಯೋಕ್ ಸ್ಯಾಕ್ ಎಂಬ ಪುಟ್ಟ ಚೀಲದಲ್ಲಿ ಇವುಗಳ ಪೂರ್ವಜ ಕೋಶಗಳು ಹುಟ್ಟಿ, ಬಹಳ ಬೇಗನೆ ಮಿದುಳನ್ನು ಸೇರುತ್ತವೆ ಎಂಬುದನ್ನು 2010ರಲ್ಲಿ ಇಲಿಗಳ ಮೇಲಿನ ಅಧ್ಯಯನ ಖಚಿತಪಡಿಸಿತು. ಅಲ್ಲಿಂದ ಮುಂದೆ ಅವು ಮೂಳೆಮಜ್ಜೆಯ ಪೂರೈಕೆಯನ್ನು ಅವಲಂಬಿಸದೆ ತಾವಾಗಿ ವಿಭಜನೆಗೊಂಡು ಸಂಖ್ಯೆಯನ್ನು ಕಾಯ್ದುಕೊಳ್ಳುತ್ತವೆ. ಮನುಷ್ಯನಲ್ಲಿ ಒಂದು ಮೈಕ್ರೋಗ್ಲಿಯಾ ಕೋಶದ ಸರಾಸರಿ ವಯಸ್ಸು ಸುಮಾರು ನಾಲ್ಕು ವರ್ಷ. ಕೆಲವು ಕೋಶಗಳು ಎರಡು ದಶಕಗಳಿಗೂ ಹೆಚ್ಚು ಕಾಲ ಬದುಕುತ್ತವೆ.

ಆರೋಗ್ಯದಲ್ಲಿ ಪಾತ್ರ

ಗಾಯವಿಲ್ಲದ ಮಿದುಳಿನಲ್ಲಿ ಮೈಕ್ರೋಗ್ಲಿಯಾ ಸುಮ್ಮನಿರುತ್ತದೆ ಎಂದು ನಂಬಿ ಅದನ್ನು ಬಹುಕಾಲ 'ವಿಶ್ರಾಂತ' ಸ್ಥಿತಿ ಎಂದು ಕರೆಯಲಾಗಿತ್ತು. ಆ ಹೆಸರು ದಾರಿ ತಪ್ಪಿಸುವಂಥದ್ದು. 2005ರಲ್ಲಿ ಜೀವಂತ ಇಲಿಗಳ ಮಿದುಳನ್ನು ಎರಡು-ಫೋಟಾನ್ ಸೂಕ್ಷ್ಮದರ್ಶಕದಿಂದ ನೋಡಿದಾಗ, ಕೋಶದ ಒಡಲು ಇದ್ದಲ್ಲೇ ಇದ್ದರೂ ಅದರ ಕವಲುಗಳು ಎಡೆಬಿಡದೆ ಚಾಚಿಕೊಳ್ಳುತ್ತ, ಹಿಂದೆಗೆಯುತ್ತ ಸುತ್ತಲ ಅಂಗಾಂಶವನ್ನು ತಡವುತ್ತಿರುವುದು ಕಂಡುಬಂದಿತು. ಲೇಸರ್ ಕಿರಣದಿಂದ ಸಣ್ಣ ಗಾಯ ಮಾಡಿದ ಕೆಲವೇ ನಿಮಿಷಗಳಲ್ಲಿ ಕವಲುಗಳು ಆ ಜಾಗದತ್ತ ಧಾವಿಸಿ ಅದನ್ನು ಸುತ್ತುವರಿದವು. ಹಾನಿಗೊಂಡ ಕೋಶಗಳಿಂದ ಸೋರುವ ಎಟಿಪಿ ಎಂಬ ಅಣುವೇ ಅವುಗಳಿಗೆ ಕರೆ.

ಬೆಳೆಯುತ್ತಿರುವ ಮಿದುಳು ತನಗೆ ಬೇಕಾದುದಕ್ಕಿಂತ ಹೆಚ್ಚು ಸಿನಾಪ್ಸ್‌ಗಳನ್ನು, ಅಂದರೆ ನರಕೋಶಗಳ ನಡುವಿನ ಸಂಧಿಗಳನ್ನು, ಕಟ್ಟಿಕೊಳ್ಳುತ್ತದೆ. ಬಳಕೆ ಕಡಿಮೆಯಿರುವವನ್ನು ಅನಂತರ ತೆಗೆದುಹಾಕಬೇಕಾಗುತ್ತದೆ. ಇಲಿಮರಿಗಳ ದೃಷ್ಟಿಮಾರ್ಗದಲ್ಲಿ ಇಂಥ ಸಂಧಿಗಳಿಗೆ ಸಿ1ಕ್ಯೂ, ಸಿ3 ಎಂಬ ಪ್ರೋಟೀನ್‌ಗಳು ಅಂಟಿಕೊಳ್ಳುತ್ತವೆ. ಆ ಗುರುತನ್ನು ಹಿಡಿದು ಮೈಕ್ರೋಗ್ಲಿಯಾ ಅವನ್ನು ನುಂಗುತ್ತದೆ. ಈ ಪ್ರೋಟೀನ್‌ಗಳು ಕಾಂಪ್ಲಿಮೆಂಟ್ ವ್ಯವಸ್ಥೆಗೆ ಸೇರಿದವು. ರಕ್ತದಲ್ಲಿ ಬ್ಯಾಕ್ಟೀರಿಯಾಗಳಿಗೆ ಗುರುತು ಹಚ್ಚುವುದೂ ಇದೇ ವ್ಯವಸ್ಥೆ ಎಂಬುದು ಗಮನಾರ್ಹ.

ರೋಗದಲ್ಲಿ ಪಾತ್ರ

ಅಲ್ಜೈಮರ್ ಕಾಯಿಲೆಯಲ್ಲಿ ಅಮಿಲಾಯ್ಡ್ ಪ್ರೋಟೀನಿನ ಗಡ್ಡೆಗಳ ಸುತ್ತ ಮೈಕ್ರೋಗ್ಲಿಯಾ ಮುತ್ತಿಕೊಂಡಿರುತ್ತದೆ. ಅದು ಕಾಯಿಲೆಯ ಪರಿಣಾಮ ಮಾತ್ರವೇ ಅಥವಾ ಕಾರಣಗಳಲ್ಲೂ ಒಂದೇ ಎಂಬ ಚರ್ಚೆಗೆ 2013ರಲ್ಲಿ ತಿರುವು ಸಿಕ್ಕಿತು. ಮೈಕ್ರೋಗ್ಲಿಯಾದ ಮೇಲ್ಮೈಯಲ್ಲಿರುವ ಟ್ರೆಮ್2 ಎಂಬ ಗ್ರಾಹಕದ ವಂಶವಾಹಿಯಲ್ಲಿ ಒಂದು ವಿರಳ ಮಾರ್ಪಾಡು ಇದ್ದವರಿಗೆ ಅಲ್ಜೈಮರ್ ಬರುವ ಅಪಾಯ ಸುಮಾರು ಎರಡರಿಂದ ನಾಲ್ಕು ಪಟ್ಟು ಹೆಚ್ಚು ಎಂದು ತಿಳಿದುಬಂದಿತು. ಈ ಮಾರ್ಪಾಡು ಗ್ರಾಹಕವನ್ನು ದುರ್ಬಲಗೊಳಿಸುತ್ತದೆ. ಟ್ರೆಮ್2 ಇಲ್ಲದ ಇಲಿಗಳಲ್ಲಿ ಮೈಕ್ರೋಗ್ಲಿಯಾ ಗಡ್ಡೆಗಳನ್ನು ಸರಿಯಾಗಿ ಸುತ್ತುವರಿಯುವುದಿಲ್ಲ, ಪಕ್ಕದ ನರತಂತುಗಳಿಗೆ ಹೆಚ್ಚು ಪೆಟ್ಟಾಗುತ್ತದೆ. ಅಂದರೆ ಇಲ್ಲಿ ತೊಂದರೆಯಿರುವುದು ಕೋಶ ಕೆಲಸ ಮಾಡದಿರುವುದರಲ್ಲಿ.

ಆದರೆ 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದಕ್ಕೆ ಎದುರಾದ ಮುಖವನ್ನು ತೋರಿಸಿತು. ಅಲ್ಜೈಮರ್ ಮಾದರಿಯ ಇಲಿಗಳಲ್ಲಿ, ಗಡ್ಡೆಗಳು ಕಾಣಿಸಿಕೊಳ್ಳುವ ಮೊದಲೇ ಬಾಲ್ಯದ ಅದೇ ಕಾಂಪ್ಲಿಮೆಂಟ್ ಗುರುತು ಮತ್ತೆ ಸಂಧಿಗಳ ಮೇಲೆ ಮೂಡುತ್ತದೆ, ಮೈಕ್ರೋಗ್ಲಿಯಾ ಉಪಯುಕ್ತ ಸಂಧಿಗಳನ್ನೂ ತಿನ್ನುತ್ತದೆ. ಅದೇ ವರ್ಷ ಕಾಂಪ್ಲಿಮೆಂಟ್‌ನ ಸಿ4 ವಂಶವಾಹಿಯ ಕೆಲವು ರೂಪಗಳಿಗೂ ಸ್ಕಿಜೋಫ್ರೇನಿಯಾ ಅಪಾಯಕ್ಕೂ ನಂಟಿರುವುದು ವರದಿಯಾಯಿತು. ಪಾರ್ಕಿನ್ಸನ್ ಕಾಯಿಲೆ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲೂ ಮೈಕ್ರೋಗ್ಲಿಯಾದ ಉರಿಯೂತ ಕಂಡುಬರುತ್ತದೆ. ಎಚ್‌ಐವಿಯು ಈ ಕೋಶಗಳಲ್ಲಿ ದೀರ್ಘಕಾಲ ಅಡಗಿರಬಲ್ಲದು.

ಚಿಕಿತ್ಸೆಯ ಪ್ರಯತ್ನಗಳು

ಉರಿಯೂತವೇ ಶತ್ರುವೆಂದು ಭಾವಿಸಿ ನಾಪ್ರಾಕ್ಸೆನ್, ಸೆಲೆಕಾಕ್ಸಿಬ್‌ನಂಥ ಔಷಧಿಗಳನ್ನು ಅಲ್ಜೈಮರ್ ತಡೆಗೆ ಪರೀಕ್ಷಿಸಲಾಯಿತು, ಪ್ರಯೋಜನ ಕಾಣಲಿಲ್ಲ. ವಿರುದ್ಧ ದಿಕ್ಕಿನ ಪ್ರಯತ್ನವಾಗಿ ಟ್ರೆಮ್2 ಅನ್ನು ಪ್ರಚೋದಿಸುವ ಪ್ರತಿಕಾಯವೊಂದನ್ನು ರೋಗದ ಆರಂಭಿಕ ಹಂತದವರಿಗೆ ಕೊಡಲಾಯಿತು. 2024ರಲ್ಲಿ ಹೊರಬಂದ ಫಲಿತಾಂಶದ ಪ್ರಕಾರ ಅದೂ ರೋಗದ ಗತಿಯನ್ನು ತಗ್ಗಿಸಲಿಲ್ಲ. ಕೋಶಗಳನ್ನು ಒಟ್ಟಾರೆ ಉತ್ತೇಜಿಸುವುದು ಅಥವಾ ಅಡಗಿಸುವುದಕ್ಕಿಂತ ಯಾವ ಹಂತದಲ್ಲಿ ಯಾವ ಕೆಲಸವನ್ನು ಬದಲಿಸಬೇಕು ಎಂಬುದೇ ಈಗಿನ ಪ್ರಶ್ನೆ.

ಮೈಕ್ರೋಗ್ಲಿಯಾವನ್ನೇ ತೆಗೆದುಹಾಕುವುದು ಇಲಿಗಳಲ್ಲಿ ಸಾಧ್ಯ. ಅವುಗಳ ಉಳಿವಿಗೆ ಅಗತ್ಯವಾದ ಸಿಎಸ್‌ಎಫ್1ಆರ್ ಗ್ರಾಹಕವನ್ನು ಔಷಧಿಯಿಂದ ತಡೆದರೆ ಬಹುಪಾಲು ಕೋಶಗಳು ಸಾಯುತ್ತವೆ, ಔಷಧಿ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಮತ್ತೆ ತುಂಬಿಕೊಳ್ಳುತ್ತವೆ. ಮನುಷ್ಯರಲ್ಲಿ ಹುಟ್ಟಿನಿಂದಲೇ ಈ ಗ್ರಾಹಕ ಕೆಟ್ಟಿದ್ದರೆ ಪರಿಣಾಮ ಘೋರ. 2019ರಲ್ಲಿ ವರದಿಯಾದ ಒಂದು ಪ್ರಕರಣದಲ್ಲಿ ಶಿಶುವಿನ ಮಿದುಳಿನಲ್ಲಿ ಮೈಕ್ರೋಗ್ಲಿಯಾ ಬಹುತೇಕ ಇರಲಿಲ್ಲ. ಎಡ-ಬಲ ಅರ್ಧಗಳನ್ನು ಬೆಸೆಯುವ ನರತಂತುಗಳ ಪಟ್ಟಿಯೂ ರೂಪುಗೊಂಡಿರಲಿಲ್ಲ.