ಓಲೆಯ ಮಾತು ಕಿವಿಯ ಮಾತಾದ ಬಗೆ

ದೊಡ್ಡಬಳ್ಳಾಪುರವು ನೇಕಾರರ ಊರು. ಮಗ್ಗದ ಮುಂದೆ ನಿಂತವರ ಕಣ್ಣು ಎಳೆಯ ಮೇಲೆ, ಕೈ ಲಾಳಿಯ ಬಳಿ. ಪುಸ್ತಕವನ್ನು ಹಿಡಿಯಲು ಆ ಹೊತ್ತಿನಲ್ಲಿ ಎರಡಕ್ಕೂ ಬಿಡುವಿಲ್ಲ. ವಿದ್ಯುತ್ ಮಗ್ಗದ ಸದ್ದು ಕಿವಿಯನ್ನೂ ಸುಮ್ಮನೆ ಬಿಡದೆಂಬುದು ಬೇರೆಯ ಮಾತು. ಈ ಊರಿನ ನೇಕಾರ ಮನೆತನದಲ್ಲಿ 1954ರಲ್ಲಿ ಜನಿಸಿದ ವಿಮರ್ಶಕ ಡಿ. ಆರ್. ನಾಗರಾಜರು ಅಲ್ಲಮಪ್ರಭುವನ್ನು ವಿಶಾಲವಾದ ಶೈವ ದರ್ಶನಗಳ ಹಿನ್ನೆಲೆಯಲ್ಲಿಟ್ಟು ಪರಿಶೀಲಿಸಿದರು. ಅವರು 1998ರಲ್ಲಿ ಅಗಲಿದ ತರುವಾಯ ಪ್ರಕಟವಾದ ‘ಅಲ್ಲಮಪ್ರಭು ಮತ್ತು ಶೈವಪ್ರತಿಭೆ’ ಸುಲಭವಾದ ಗ್ರಂಥವಲ್ಲ. ಅಂತಹ ಗಹನವಾದ ಬರಹವು ಅದೇ ಊರಿನ ಮಗ್ಗದ ಮನೆಯವರ ಕಿವಿಗೆ ತಲುಪುವುದು ಹೇಗೆ?

ಇಂದು ಈ ಪ್ರಶ್ನೆಗೆ ಯಂತ್ರವೊಂದು ಉತ್ತರ ಕೊಡುತ್ತಿದೆ. ಗೂಗಲ್ ಸಂಸ್ಥೆಯ ನೋಟ್‌ಬುಕ್‌ಎಲ್‌ಎಂ ಎಂಬ ಸಾಧನವು 2024ರ ಸೆಪ್ಟೆಂಬರಿನಿಂದ, ಕೊಟ್ಟ ಬರಹವನ್ನು ಇಬ್ಬರ ಮಾತುಕತೆಯಾಗಿ, ಅಂದರೆ ಪಾಡ್‌ಕಾಸ್ಟ್ ಎಂದು ಕರೆಯುವ ಶ್ರವ್ಯರೂಪದಲ್ಲಿ, ಕೆಲವು ನಿಮಿಷಗಳಲ್ಲಿ ಒದಗಿಸತೊಡಗಿತು. ಮೊದಲು ಇಂಗ್ಲಿಷಿನಲ್ಲಿ ಮಾತ್ರವಿದ್ದ ಈ ಸೌಲಭ್ಯವು 2025ರಲ್ಲಿ ಭಾರತೀಯ ಭಾಷೆಗಳೂ ಸೇರಿ ಐವತ್ತಕ್ಕೂ ಹೆಚ್ಚು ಭಾಷೆಗಳಿಗೆ ವಿಸ್ತರಿಸಿತು. ಉಪಕರಣವು ಹೊಸದು, ಆದರೆ ಕಾರ್ಯವು ಕನ್ನಡಕ್ಕೆ ಹೊಸದಲ್ಲ. ದೊಡ್ಡಬಳ್ಳಾಪುರಕ್ಕೆ ನೆರೆಯದಾದ ತುಮಕೂರು ಸೀಮೆಯಲ್ಲಿಯೇ ಐದು ಶತಮಾನಗಳ ಹಿಂದೆ ಇಂತಹುದೇ ಕಾರ್ಯವು ಅತ್ಯಂತ ಎಚ್ಚರದಿಂದ ನಡೆದಿತ್ತು. ಅದರ ಫಲವೇ ಶೂನ್ಯಸಂಪಾದನೆ.

ಹನ್ನೆರಡನೆಯ ಶತಮಾನದ ಶರಣರ ವಚನಗಳು ಬಿಡಿಬಿಡಿಯಾದವು. ಯಾವ ಸಂದರ್ಭದಲ್ಲಿ, ಯಾರನ್ನು ಕುರಿತು ಹೇಳಿದ ಮಾತೆಂಬುದು ಅನೇಕ ವಚನಗಳಲ್ಲಿ ತಿಳಿಯದು. ಅಲ್ಲಮನ ಬೆಡಗಿನ ವಚನಗಳಂತೂ ಓದಿದಷ್ಟೂ ಮುಚ್ಚಿಕೊಳ್ಳುತ್ತವೆ. ಅವನ್ನು ತಿಳಿಸಲು ಹಿಂದಿನವರು ಹಲವು ದಾರಿಗಳನ್ನು ಹಿಡಿದರು. ಟೀಕಾಕಾರರು ಒಂದೊಂದು ಪದವನ್ನು ಬಿಡಿಸಿ ಅರ್ಥ ಹೇಳಿದರು. ಸಂಕಲನಕಾರರು ಷಟ್‌ಸ್ಥಲಗಳಿಗೆ ಅನುಗುಣವಾಗಿ ವಿಂಗಡಿಸಿದರು. ಇವೆರಡೂ ವಿದ್ವಾಂಸರಿಗೆ ಉಪಕಾರಿ. ಕೇಳುವವರನ್ನು ಕೂರಿಸುವ ಶಕ್ತಿ ಇವಕ್ಕೆ ಕಡಿಮೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮತ್ತೊಂದು ದಾರಿಯನ್ನು ಕಂಡನು. ಬಿಡಿ ವಚನಗಳನ್ನು ಪ್ರಶ್ನೋತ್ತರವಾಗಿ ಎದುರುಬದುರು ನಿಲ್ಲಿಸಿ, ನಡುವೆ ಸಂಕ್ಷಿಪ್ತ ಗದ್ಯದ ಕೊಂಡಿ ಹಾಕಿ, ಅಲ್ಲಮನನ್ನು ಕೇಂದ್ರದಲ್ಲಿರಿಸಿ ದೀರ್ಘವಾದ ಸಂವಾದವನ್ನು ರೂಪಿಸಿದನು. ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣಾರ್ಯ ಇವರು ಅದನ್ನೇ ಮತ್ತೆ ಪರಿಷ್ಕರಿಸಿದರು. ಗೂಳೂರು ತುಮಕೂರು ಜಿಲ್ಲೆಯದು. ಸಿದ್ಧಲಿಂಗಯತಿ, ಸಿದ್ಧವೀರಣಾರ್ಯ ಇಬ್ಬರೂ ಎಡೆಯೂರಿನ ತೋಂಟದ ಸಿದ್ಧಲಿಂಗರ ಶಿಷ್ಯಪರಂಪರೆಗೆ ಸೇರಿದವರು. ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ 1972ರವರೆಗೆ ಐದು ಸಂಪುಟಗಳಲ್ಲಿ ಇಂಗ್ಲಿಷ್ ಅನುವಾದದೊಡನೆ ಹೊರತಂದ ಪಾಠವು ಗೂಳೂರಿನವರದೇ.

ಸಂವಾದವು ಕೇವಲ ಅಲಂಕಾರವಾಗಿ ಬಂದುದಲ್ಲ. ನುಲಿಯ ಚಂದಯ್ಯನ ಪ್ರಸಂಗವನ್ನು ನೋಡಬಹುದು. ಕಾಯಕ ಹೆಚ್ಚೋ ಲಿಂಗಪೂಜೆ ಹೆಚ್ಚೋ ಎಂಬುದು ಶಾಸ್ತ್ರಗ್ರಂಥದಲ್ಲಿ ಒಂದು ಒಣ ವಾದ. ಇಲ್ಲಿ ಹಗ್ಗ ಹೊಸೆಯುವ ಚಂದಯ್ಯನು ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ಬೀಳುತ್ತದೆ. ಬಿದ್ದುದು ಬಿದ್ದಿತೆಂದು ಅವನು ಕೆಲಸದ ಕಡೆಗೆ ನಡೆಯುತ್ತಾನೆ. ಲಿಂಗವೇ ಬೆನ್ನು ಹತ್ತುತ್ತದೆ. ಮಡಿವಾಳ ಮಾಚಯ್ಯನು ನಡುವೆ ಬಂದು ವಾದಿಸುತ್ತಾನೆ. ಕೊನೆಗೆ ಲಿಂಗವು ಹಗ್ಗವನ್ನು ಮಾರಿ ಬರಬೇಕಾಗುತ್ತದೆ! ದುಡಿದು ಉಣ್ಣುವವರಿಗೆ, ಮಗ್ಗದವರಿಗಂತೂ, ಈ ಜಗಳದಲ್ಲಿ ಯಾವ ಪಕ್ಷಕ್ಕೆ ಏನು ನಷ್ಟವೆಂಬುದು ವ್ಯಾಖ್ಯಾನವಿಲ್ಲದೆಯೇ ತಿಳಿಯುತ್ತದೆ. ಆಯ್ದಕ್ಕಿ ಲಕ್ಕಮ್ಮನು ಹೆಚ್ಚಿನ ಅಕ್ಕಿ ತಂದ ಗಂಡನನ್ನು ತಡೆದು ನಿಲ್ಲಿಸುವಲ್ಲಿಯೂ, ಅಲ್ಲಮನು ಅಕ್ಕಮಹಾದೇವಿಯನ್ನು ನಿಷ್ಠುರವಾಗಿ ಪ್ರಶ್ನಿಸುವಲ್ಲಿಯೂ ಇದೇ ಕ್ರಮ. ಎದುರಾಳಿಯು ಒಪ್ಪಲು ಸಿದ್ಧನಿಲ್ಲ. ಆದುದರಿಂದಲೇ ವಚನವು ಬಾಯಿ ಬಿಡಬೇಕಾಗುತ್ತದೆ.

ಇನ್ನೊಂದು ಅಂಶವು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ವಚನದ ಅಂಕಿತವು ಕಿವಿಗೆ ಒದಗಿದ ಹೆಸರುಪಟ್ಟಿ. ಗುಹೇಶ್ವರ ಎಂದೊಡನೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದೊಡನೆ ಅಕ್ಕ, ಕಲಿದೇವರದೇವ ಎಂದೊಡನೆ ಮಾಚಯ್ಯ ಎಂದು ಓಲೆಯನ್ನು ಕಾಣದವನಿಗೂ ಗೊತ್ತಾಗುತ್ತದೆ. ಸಂಪಾದನಕಾರರು ತಮ್ಮ ಗದ್ಯವನ್ನು ಅಂಕಿತವಿಲ್ಲದೆ ಬೇರೆಯಾಗಿಯೇ ಇಟ್ಟರು. ಶರಣರ ಮಾತು ಯಾವುದು, ಪೋಣಿಸಿದವರ ಮಾತು ಯಾವುದು ಎಂಬ ಗೆರೆಯು ಅಳಿಯಲಿಲ್ಲ.

ಗೆರೆ ಉಳಿದರೂ ಅಪಾಯ ತಪ್ಪಿತೆಂದಲ್ಲ. ಒಂದು ವಚನವನ್ನು ಒಂದು ಪ್ರಶ್ನೆಯ ಕೆಳಗೆ ಇಟ್ಟೊಡನೆ ಅದರ ಅರ್ಥವು ಅರ್ಧ ನಿರ್ಧಾರವಾಗಿಬಿಡುತ್ತದೆ. ಅಕ್ಕನು ತನ್ನ ಕೂದಲ ಮರೆಯನ್ನು ಕುರಿತು ಹೇಳಿದ ಮಾತನ್ನು ಇಂದು ಓದುವವರೆಲ್ಲರೂ ಅನುಭವಮಂಟಪದ ಉತ್ತರವೆಂದೇ ಓದುತ್ತಾರೆ. ಹಾಗೆ ಓದಿಸಿದವರು ಸಂಪಾದನಕಾರರು. ಸಿದ್ಧರಾಮನಿಗೆ ಇಷ್ಟಲಿಂಗದೀಕ್ಷೆಯಾದ ಸಂಗತಿಯು ಮಹಾದೇವಯ್ಯನ ಕೃತಿಯಲ್ಲಿ ಇರಲಿಲ್ಲವೆಂದು ತರುವಾಯದ ಪರಿಷ್ಕಾರಕನೊಬ್ಬನು ಅದನ್ನು ಸೇರಿಸಿದನು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಇರಲಿ. ಆ ಪರಿಷ್ಕರಣವನ್ನು ಹೆಸರು ಹೇಳಿಕೊಂಡು ಮಾಡಿದನು, ಹಿಂದಿನ ಪಾಠವೂ ಉಳಿದುಬಂದಿತು. ಎರಡನ್ನೂ ಎದುರಿಗಿಟ್ಟುಕೊಂಡು ನೋಡುವ ಅವಕಾಶವು ವಿದ್ಯಾರ್ಥಿಗೆ ಇಂದಿಗೂ ಇದೆ.

ಯಂತ್ರದ ಮಾತುಕತೆಯು ಸೋಲುವುದು ಇಲ್ಲಿಯೇ. ಅದರ ಇಬ್ಬರು ಮಾತುಗಾರರು ಸಾಮಾನ್ಯವಾಗಿ ಒಬ್ಬರನ್ನೊಬ್ಬರು ಮೆಚ್ಚಿಕೊಳ್ಳುತ್ತ ಸಾಗುತ್ತಾರೆ. ಲಕ್ಕಮ್ಮನ ತಡೆ ಅವರಲ್ಲಿಲ್ಲ. ಮೂಲದ ವಾಕ್ಯ, ಅದರ ಸಾರಾಂಶ, ಯಂತ್ರದ ಊಹೆ ಇವು ಮೂರೂ ಒಂದೇ ಇಂಪಾದ ಧ್ವನಿಯಲ್ಲಿ ಬರುವುದರಿಂದ, ಕೇಳುವವನು ಯಾವುದನ್ನು ಗ್ರಂಥಕರ್ತನ ಹೆಸರಿನಲ್ಲಿ ನೆನಪಿಡಬೇಕೆಂಬುದು ತಿಳಿಯದು. ತಪ್ಪು ನುಸುಳಿದರೂ ಸ್ವರ ಬದಲಾಗುವುದಿಲ್ಲ.

ಹೀಗೆಂದು ಆ ಸಾಧನವನ್ನು ದೂರವಿಡಬೇಕಾಗಿಲ್ಲ. ದೊಡ್ಡಬಳ್ಳಾಪುರದ ಕಾಲೇಜಿನ ವಿದ್ಯಾರ್ಥಿಗಳು ಚಂದಯ್ಯನ ಪ್ರಸಂಗವನ್ನು ಮೊಬೈಲಿನಲ್ಲಿ ತಾವೇ ಧ್ವನಿಮುದ್ರಿಸಿಕೊಳ್ಳಬಹುದು. ಅದಕ್ಕೆ ಮೂರು ಕಂಠಗಳು ಬೇಕು: ಚಂದಯ್ಯನಿಗೊಂದು, ಮಾಚಯ್ಯನಿಗೊಂದು, ನಡುವಣ ಗದ್ಯಕ್ಕೆ ಮತ್ತೊಂದು. ಮೂರನೆಯ ಕಂಠವು ಮೊದಲೆರಡರಲ್ಲಿ ಬೆರೆಯಬಾರದು. ಅಂಕಿತವನ್ನು ಸ್ಫುಟವಾಗಿ ಉಚ್ಚರಿಸಿದ ಮೇಲೆಯೇ ಮುಂದಿನ ಮಾತು ಬರಬೇಕು. ಅರ್ಥ ಹೇಳಲೇಬೇಕೆನಿಸಿದರೆ ಅದನ್ನು ಪ್ರಸಂಗವು ಮುಗಿದ ತರುವಾಯ, ಹೇಳುವವನು ತನ್ನ ಹೆಸರನ್ನು ತಿಳಿಸಿ ಹೇಳತಕ್ಕದ್ದು. ಮಗ್ಗಗಳು ನಿಂತ ಸಂಜೆಯ ಹೊತ್ತು ಕೇಳಿಸಿದರೆ ಮಾತು ಸ್ಪಷ್ಟವಾಗಿ ಕೇಳೀತು.