ನೆಗೆವ್ ನೆಲದ ಪಹಣಿ ಯಾರ ಹೆಸರಲ್ಲಿ?

ಭೂಮಾಪನ ಇಲಾಖೆಯಲ್ಲಿ ಸರಪಳಿ ಹಿಡಿದು ನಿವೃತ್ತನಾಗಿ ಬಸವೇಶ್ವರನಗರದಲ್ಲಿ ನೆಲೆಸಿದವನು ನಾನು. ನೆಲದ ಜಗಳ ಎಲ್ಲಿಯದೇ ಇರಲಿ, ದಾಖಲೆಯಲ್ಲಿ ಯಾರ ಹೆಸರಿದೆ ಎಂದು ಮೊದಲು ಹುಡುಕುತ್ತೇನೆ. ಇಸ್ರೇಲಿನ ನೆಗೆವ್ ಮರುಭೂಮಿಯ ಬಗ್ಗೆ ಓದುವಾಗಲೂ ಹಾಗೇ ಹುಡುಕಿದೆ.

ಆ ನಾಡಿಗೆ ನಮ್ಮವರೂ ಹೋಗಿದ್ದಾರೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಸವಾರರಿದ್ದರು, ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಆಗಲೇ ಅಲ್ಲಿ ಯೆಹೂದಿ ವಲಸಿಗರ ಊರುಗಳಿದ್ದವು, ಕುರಿ, ಒಂಟೆ ಸಾಕುವ ಬೆದೂಯಿನ್ ಕುಲಗಳಿದ್ದವು. ಮೇವು, ನೀರಿಗಾಗಿ ಹೊಡೆದಾಟ ನಡೆಯುತ್ತಿತ್ತು. ಒಡನಾಟವೂ ಇತ್ತು. 1909ರಲ್ಲಿ ಹುಟ್ಟಿದ ಹಶೋಮೆರ್ ಎಂಬ ಯೆಹೂದಿ ಕಾವಲು ಪಡೆಯ ಹುಡುಗರು ಅರಬ್ಬಿ ಕಲಿತು, ಬೆದೂಯಿನರಂತೆ ತಲೆವಸ್ತ್ರ ಸುತ್ತಿ ಕುದುರೆ ಏರುತ್ತಿದ್ದರು.

ತೊಡಕೆಲ್ಲ ಕಾಗದದಲ್ಲಿತ್ತು. ಜಮೀನು ನೋಂದಾಯಿಸಿ ಎಂದು 1858ರಲ್ಲಿ ಒಟ್ಟೊಮನ್ ತುರ್ಕರ ಸರ್ಕಾರ ಕಾನೂನು ತಂದಿತು. ಹೆಸರು ಬರೆಸಿದರೆ ಕಂದಾಯ ಕಟ್ಟಬೇಕು, ಮಕ್ಕಳನ್ನು ಸೈನ್ಯಕ್ಕೆ ಕಳಿಸಬೇಕು ಎಂದು ಬೆದೂಯಿನರು ದೂರ ಉಳಿದರು. ಹಾಗೆಂದು ಅವರಿಗೆ ಎಲ್ಲೆಕಟ್ಟು ಇರಲಿಲ್ಲವೆಂದಲ್ಲ. ಮಳೆ ಬಿದ್ದರೆ ಬಾರ್ಲಿ ಬಿತ್ತುತ್ತಿದ್ದರು, ಮಾರಿದರೆ ತಮ್ಮೊಳಗೇ ಸನದು ಬರೆದುಕೊಳ್ಳುತ್ತಿದ್ದರು. ತುರ್ಕರ ನಂತರ ಆಳಿದ ಬ್ರಿಟಿಷರು 1921ರಲ್ಲಿ ನೋಂದಣಿಗೆ ಎರಡೇ ತಿಂಗಳ ಗಡುವು ಕೊಟ್ಟರು. ಆಗಲೂ ಬಹುಪಾಲು ಜನ ಬರೆಸಲಿಲ್ಲ.

1946ರ ಅಕ್ಟೋಬರ್ 5ರ ರಾತ್ರಿ, ಯೋಮ್ ಕಿಪ್ಪುರ್ ಉಪವಾಸ ಮುಗಿದ ಮೇಲೆ, ನೆಗೆವ್‌ನಲ್ಲಿ ಏಕಕಾಲಕ್ಕೆ 11 ಯೆಹೂದಿ ನೆಲೆಗಳು ಎದ್ದವು. ಇಸ್ರೇಲ್ ಹುಟ್ಟಿದ 1948ರ ಯುದ್ಧದ ನಂತರ ಹತ್ತಾರು ಸಾವಿರ ಬೆದೂಯಿನರಲ್ಲಿ ಅಲ್ಲಿ ಉಳಿದವರು ಸುಮಾರು 11,000. ಇಸ್ರೇಲಿನ ಅಧಿಕಾರಿಗಳು ಅನೇಕರನ್ನು ಅವರ ನೆಲದಿಂದ ಎಬ್ಬಿಸಿ ಬೀರ್‌ಶೆಬಾ ಬಳಿಯ ಒಂದು ಸೀಮಿತ ಪ್ರದೇಶಕ್ಕೆ ಸೇರಿಸಿದರು. 1966ರವರೆಗೆ ಪರವಾನಗಿ ಇಲ್ಲದೆ ಅದರಾಚೆ ಹೋಗುವಂತಿರಲಿಲ್ಲ.

ಬೆದೂಯಿನರು ತಮ್ಮ ನೆಲಕ್ಕಾಗಿ ಹೋರಾಡಿದ 1984ರ ಅಲ್-ಹವಾಶ್ಲೆ ಪ್ರಕರಣ ಓದಿ ನನಗೆ ನಿದ್ದೆ ಬರಲಿಲ್ಲ. ನೋಂದಣಿಯಿಲ್ಲದ ಪಾಳು ನೆಲ ಸರ್ಕಾರದ್ದು ಎಂದಿತು ಅಲ್ಲಿನ ಸುಪ್ರೀಂ ಕೋರ್ಟ್. ಪಾಳು ಎನ್ನಲು ಆಧಾರವಾದದ್ದು 1870ರ ಸುಮಾರಿಗೆ ಹಾದುಹೋದ ಪಾಮರ್ ಎಂಬ ಇಂಗ್ಲಿಷ್ ಪ್ರವಾಸಿಯ ಬರಹ. ನಾವು ಗೋಮಾಳದ ಅಳತೆಗೆ ಹೋದರೆ ಕುರಿ ಕಾಯುವ ಅಜ್ಜಂದಿರನ್ನು ಕರೆಸಿ, ಗಡಿ ತೋರಿಸಿಕೊಂಡು, ಮಹಜರಿಗೆ ಹೆಬ್ಬೆಟ್ಟು ಒತ್ತಿಸುತ್ತಿದ್ದೆವು. ಉತ್ತು ಬಿತ್ತಿದವರ ಮಾತಿಗಿಂತ ದಾರಿಹೋಕನ ಮಾತು ಹೆಚ್ಚಾದದ್ದು ಅನ್ಯಾಯ, ಅದನ್ನು ಅನ್ಯಾಯವೆಂದೇ ಹೇಳುತ್ತೇನೆ. ಅಲ್-ಅರಾಕೀಬ್ ಎಂಬ ಬೆದೂಯಿನ್ ಹಳ್ಳಿಯನ್ನು 2010ರ ಜುಲೈನಲ್ಲಿ ಕೆಡವಿದರು. ಊರವರು ಮತ್ತೆ ಕಟ್ಟಿದರು, ಅಧಿಕಾರಿಗಳು ಮತ್ತೆ ಕೆಡವಿದರು. ಆ ಎಣಿಕೆ ನೂರು ದಾಟಿ ಎಷ್ಟೋ ಕಾಲವಾಯಿತು.